ನಗಿಸಲು ಓದಿದ ಅಳು

ಚಿಗವ್ವಾ, ನಿನ್ನ ಅಳುವನ್ನು ಶಂಕ್ರನಿಗೆ ಕೊಟ್ಟವಳು ನಾನು. ಎದುರು ಮನೆಯ ಬಸಮ್ಮ ಅಲ್ಲ.

ಚಿಗಪ್ಪ ತೀರಿಕೊಂಡ ದಿನ ಸಂತೆಕಲ್ಲೂರಿನ ನಿನ್ನ ಪಡಸಾಲೆಯಲ್ಲಿ, ಹೆಣದ ತಲೆಯ ಬಳಿ ಕೂತವರು ನಾವು ಮೂವರೇ: ನೀನು, ಬಸಮ್ಮ, ನಾನು. ನಮ್ಮ ಕಡೆ ಹೆಂಗಸರು ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುತ್ತಾರೆ. ನೀನು ಗುಣ ಎತ್ತಲಿಲ್ಲ. "ಲುಂಗಿ ಇನ್ನೂ ಒಣಗಿಲ್ಲಲ್ಲೋ ನನ ರಾಜಾ, ಏನ್ ಉಟಗೊಂಡು ಹೊಂಟ್ಯೋ" ಎಂದೆ. ಮಂಡಾಳ ಒಗ್ಗರಣೆಗೆ ಮೆಣಸಿನಕಾಯಿ ತರಲು ಹೋದವನು ಬರಿಗೈಲಿ ಬಂದು ಮಲಗಿದನೆಂದೆ. ಸಿಂಧನೂರಿನ ನನ್ನ ರೂಮಿಗೆ ಮರಳಿದ ಮೇಲೆ, ಎಂದಿನಂತೆ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಎಲ್ಲವನ್ನೂ ಬರೆದಿಟ್ಟೆ. ಹದಿನಾಲ್ಕು ಸಾಲು. ಒಂದೂ ಬಿಡಲಿಲ್ಲ. ಅಲ್ಲಿಗೇ ನಿಲ್ಲಬೇಕಿತ್ತು —

ಶಂಕ್ರ ನನ್ನ ಕಾಲೇಜಿನ ಗೆಳೆಯ, ಮಸ್ಕಿಯವನು. ಮದುವೆಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ ಕಾಮಿಡಿ ಮಾಡುತ್ತಾನೆ. ಊರನ್ನೆಲ್ಲ ನಗಿಸುವವನನ್ನು ಒಮ್ಮೆ ನಾನು ನಗಿಸಬೇಕು ಅನಿಸಿತು. ಅಷ್ಟೇ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ಹೋಟೆಲಿನಲ್ಲಿ ಚಹಾ ಕುಡಿಯುತ್ತ ಹದಿನಾಲ್ಕೂ ಸಾಲು ಓದಿದೆ — ನಿನ್ನ ರಾಗದಲ್ಲೇ. ಅವನು ಮೇಜು ಬಡಿದು ನಕ್ಕ. ನಾನೂ ನಕ್ಕೆ.

"ಇನ್ನೊಮ್ಮೆ ಓದಬೇ, ರಾಗ ಬಿಡಬ್ಯಾಡ."

ಓದಿದೆ. ಮೇಜಿನ ಮೇಲೆ ಅವನ ಮೊಬೈಲಿನಲ್ಲಿ ಅದು ರೆಕಾರ್ಡ್ ಆಗುತ್ತಿದ್ದುದು ನನಗೆ ಕಾಣುತ್ತಿತ್ತು.

ತಿಂಗಳೊಳಗೆ ಅದು ಹಾಡಾಯಿತು. ಹೆಣ್ಣುದನಿ ಮಾಡಿ ಅವನು ಹಾಡಿದ, ಹಿಂದೆ ಡಿಜೆ ಬಡಿತ ಸೇರಿಸಿ ವಿಡಿಯೊ ಮಾಡಿ ನೆಟ್ಟಿಗೆ ಬಿಟ್ಟ. ನಾಲ್ಕು ಮಂದಿ ನೋಡಿದರೆ ಹೆಚ್ಚು ಎಂದುಕೊಂಡಿದ್ದ ಅವನೇ ಬೆಚ್ಚಿದ. ಲಿಂಗಸುಗೂರಿನ ಮದುವೆ ಮೆರವಣಿಗೆಯಲ್ಲಿ, ಆಟೋಗಳಲ್ಲಿ, ಆರ್.ಎಚ್. ಕ್ಯಾಂಪಿನ ಮಕ್ಕಳ ಬಾಯಲ್ಲಿ — ಒಂದು ವಾರ ಎಣಿಸಿದೆ, ದಾರಿಯಲ್ಲಿ ಮೂವತ್ತೊಂದು ಸಲ ಕೇಳಿಸಿತು. ಆಮೇಲೆ ಎಣಿಸುವುದು ಬಿಟ್ಟೆ.

ನಿನಗೂ ಕೇಳಿಸಿತು. ನೀನೇ ನನಗೆ ಫೋನ್ ಮಾಡಿದೆ. "ನನ್ನ ಮಾತು ಅವಂಗ ಯಾರು ಹೇಳ್ಯಾರವ್ವ? ಆ ಬಸಮ್ಮನಽ ಇರಬೇಕು. ಆಕಿ ನಾಲಿಗಿಗೆ ಹುಳ ಬೀಳಲಿ."

ನನ್ನ ಮೇಲೆ ನಿನಗೆ ಅನುಮಾನವೇ ಬರಲಿಲ್ಲ. ನಾನಂದದ್ದು ಒಂದೇ ಮಾತು: "ಇದ್ರೂ ಇರಬಹುದು, ಚಿಗವ್ವ."

ಹೆಪ್ಪಿಗೆ ಮಜ್ಜಿಗೆ, ಚಹಾಕ್ಕೆ ಸಕ್ಕರೆ ಕೊಟ್ಟು ತರುತ್ತಿದ್ದ ಆ ಎರಡು ಮನೆಗಳ ನಡುವೆ ಮಾತು ನಿಂತು ಎರಡು ವರ್ಷವಾಯಿತು.

ಹೋದ ತಿಂಗಳು ನಿನ್ನ ಅವ್ವ ನಿನ್ನ ಮನೆಯಲ್ಲೇ ತೀರಿಕೊಂಡಳು. ಬಾಗಿಲ ತನಕ ಬಂದ ಬಸಮ್ಮ ನಿನ್ನ ಮುಖ ನೋಡಿ ಹಿಂದಿರುಗಿದಳು. ನೀನು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದೆ. "ಹೆತ್ತವ್ವ ಸತ್ರೂ ಅಳವಲ್ಲಳು, ಎಂಥಾ ಕಲ್ಲಬೇ ಈಕಿ" ಎಂದರು ಬಂದವರು. ನನ್ನ ಕಿವಿಯಲ್ಲಷ್ಟೇ ನೀನು ಅಂದೆ:

"ಬಾಯಿ ತೆರದ್ರ ಮಂದಿ ಕುಣಿತಾರವ್ವ."

ಆಗಲೂ ನಾನು ಹೇಳಲಿಲ್ಲ. ನಿನ್ನ ಬೆನ್ನು ಸವರಿದೆ — ಈ ಕೈಯಿಂದಲೇ.

ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಮೊದಲು ಬಸಮ್ಮನ ಮನೆಗೆ ಹೋಗಿ ಹೇಳುತ್ತೇನೆ. ಅವಳು ಒಪ್ಪಿದರೆ ಕರೆದುಕೊಂಡು ನಿನ್ನಲ್ಲಿಗೆ ಬಂದು, ಅವಳೆದುರಿಗೇ ನಿನಗೂ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀವಿಬ್ಬರೂ ನನ್ನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿಕೊಳ್ಳಿ — ಇಬ್ಬರೂ ಒಂದೇ ಮನೆಯೊಳಗೆ ಕೂತು ಮುಚ್ಚಿಕೊಂಡರೆ ಸಾಕು.