ಎಂಟು ತಂತಿ, ಎರಡು ಬೆರಳು

ಆ ಗಿಟಾರ್ ಕಣ್ಣಿಗೆ ಬಿದ್ದ ಕೂಡಲೇ ನನಗೆ ಮೈ ಉರಿಯಿತು. ಗಿಟಾರ್ ಅಂದಮೇಲೆ ಆರು ತಂತಿ ಇರಬೇಕು, ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳು ನೆಟ್ಟಗಿರಬೇಕು. ನನಗೆ ಗೊತ್ತಿರುವುದು ಅಷ್ಟೇ. ಇದಕ್ಕೆ ಎಂಟು ತಂತಿ. ಪಟ್ಟಿಗಳೋ, ಬಿಚ್ಚಿದ ಬೀಸಣಿಗೆಯ ಕಡ್ಡಿಗಳ ಹಾಗೆ ಒಂದೊಂದೂ ಒಂದೊಂದು ಕಡೆ ವಾಲಿಕೊಂಡಿದ್ದವು. ಮಾಡಿದವನು ಅಳತೆ ತಪ್ಪಿ, ಹಾಳಾಗಿ ಹೋಗಲಿ ಎಂದು ಹಾಗೇ ಮಾರಾಟಕ್ಕೆ ಕಳಿಸಿದ್ದಾನೆ ಅಂದುಕೊಂಡೆ. ಇವರು ಮಾತ್ರ ಹೆಣ್ಣು ನೋಡಲು ಬಂದ ಗಂಡಿನ ಹಾಗೆ ನಾಚಿಕೊಂಡು ಅದರ ಮುಂದೆ ನಿಂತಿದ್ದರು. ನನ್ನನ್ನು ನೋಡಲು ಬಂದಾಗಲೂ ಇಷ್ಟು ನಾಚಿರಲಿಲ್ಲ.

ಇವರು ಎಂದರೆ ನನ್ನ ಗಂಡ. ಹುಟ್ಟಿ ಬೆಳೆದದ್ದೆಲ್ಲ ಚೆನ್ನೈ. ಅಜ್ಜನ ಕಾಲದಲ್ಲೇ ವ್ಯಾಪಾರಕ್ಕೆಂದು ಬಂದು ಇಲ್ಲೇ ನಿಂತ ಕನ್ನಡದ ಮನೆತನ. ನಾನು ಮಂಡ್ಯದ ಕಡೆಯಿಂದ ಮದುವೆಯಾಗಿ ಬಂದವಳು. ಶೋಳಿಂಗನಲ್ಲೂರಿನಲ್ಲಿ ಇವರಿಗೆ ಒಳ್ಳೆಯ ಕೆಲಸವಿತ್ತು. ಅದನ್ನು ಬಿಟ್ಟು, ವಿಮಾನ ನಿಲ್ದಾಣದ ಪಕ್ಕದ ಪಲ್ಲಾವರಂನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡಲು ಶುರುಮಾಡಿದರು. ಅತ್ತೆಮನೆಯವರೆಲ್ಲ ತಲೆ ಚಚ್ಚಿಕೊಂಡರು. ನಾನು ಚಚ್ಚಿಕೊಳ್ಳಲಿಲ್ಲ. ಸಂಜೆ ಆಫೀಸಿನ ಕ್ಯಾಬ್‌ನಿಂದ ಇಳಿದು ಬರುವಾಗ ಇವರ ಮುಖ ಹೇಗಿರುತ್ತಿತ್ತು ಎಂದು ಅವರು ಯಾರೂ ನೋಡಿರಲಿಲ್ಲ, ನಾನು ನೋಡಿದ್ದೆ. ಈಗ ಪಾಠದ ನಡುವೆ ತಲೆಯ ಮೇಲೆ ವಿಮಾನ ಹಾದುಹೋದರೆ ಮಕ್ಕಳೆಲ್ಲ ನುಡಿಸುವುದನ್ನು ನಿಲ್ಲಿಸಿ ಕಾಯುತ್ತಾರೆ. ಅದು ದೂರವಾದ ಮೇಲೆ ಇವರು ‘ಹ್ಞಾಂ’ ಎನ್ನುತ್ತಾರೆ, ಎಲ್ಲರೂ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಾರೆ. ಆ ಒಂದು ‘ಹ್ಞಾಂ’ನಲ್ಲಿ ಎಷ್ಟು ಸುಖವಿದೆ ಎಂದು ಅಡುಗೆಮನೆಯಲ್ಲಿ ನಿಂತ ನನಗೆ ಗೊತ್ತಾಗುತ್ತಿತ್ತು.

ಕಳೆದ ಮಳೆಗಾಲದ ಹೊತ್ತಿಗೆ ಅಪಸ್ವರ ಕೇಳತೊಡಗಿತು. ನನಗೆ ಸಂಗೀತದ ಗಂಧಗಾಳಿ ಇಲ್ಲ. ಆದರೆ ದಿನಾ ಕೇಳಿದ ಪಾಠ ತಪ್ಪಿದರೆ ಸಾರಿಗೆ ಉಪ್ಪು ಮರೆತಷ್ಟು ಸುಲಭವಾಗಿ ತಿಳಿಯುತ್ತದೆ. ತಂತಿ ಹಳತಾಯಿತು ಎಂದರು, ಬದಲಾಯಿಸಿದರು. ಉಪ್ಪುಗಾಳಿಗೆ ಗಿಟಾರಿನ ಮರ ಬಾಗಿದೆ ಎಂದರು. ಒಂದು ದಿನ ಪುಟ್ಟ ಹುಡುಗಿಯೊಬ್ಬಳು “ಸರ್, ಅದು ರಾಂಗ್ ನೋಟ್” ಎಂದದ್ದಕ್ಕೆ ಗದರಿಬಿಟ್ಟರು. ಮಕ್ಕಳ ಮೇಲೆ ಇವರು ದನಿ ಎತ್ತಿದ್ದು ಅದೇ ಮೊದಲು. ಆಮೇಲೊಂದು ಬೆಳಿಗ್ಗೆ ಹಾಲು ಉಕ್ಕದಂತೆ ನೋಡಿಕೊಳ್ಳಿ ಎಂದು ಒಲೆಯ ಹತ್ತಿರ ನಿಲ್ಲಿಸಿದ್ದೆ. ತಿರುಗಿ ಬಂದು ನೋಡಿದರೆ ಇವರ ಎಡಗೈಯ ಕಿರುಬೆರಳೂ ಉಂಗುರದ ಬೆರಳೂ ಪಕ್ಕದ ಕಾದ ಹೆಂಚಿಗೆ ತಾಗಿಕೊಂಡೇ ಇವೆ. ಕಿರುಚಿ ಕೈ ಎಳೆದವಳು ನಾನು. ಅಷ್ಟರಲ್ಲಾಗಲೇ ಬೊಬ್ಬೆ ಎದ್ದಿತ್ತು.

“ಗೊತ್ತಾಗ್ಲಿಲ್ವೇನ್ರೀ?”

“ಗೊತ್ತಾಯ್ತು ಮಾ. ಏನೋ ಯೋಚನೆ ಮಾಡ್ತಾ ಇದ್ದೆ. ಅದೆಲ್ಲಾ ಒಂದೂ ಇಲ್ಲ.”

ಡಾಕ್ಟರ ಮಾತೆತ್ತಿದರೆ ‘ಅಪ್ಪುರಂ ನೋಡೋಣ’. ಅಪ್ಪುರಂ ಎಂದರೆ ತಮಿಳಿನಲ್ಲಿ ಆಮೇಲೆ. ನಮ್ಮ ಮನೆಯಲ್ಲಿ ಅದರ ಅರ್ಥ ಯಾವತ್ತೂ ಇಲ್ಲ.

ಡಾಕ್ಟರ ಬದಲು ಈ ಗಿಟಾರ್ ಹುಡುಕಿದರು. ಇದರಲ್ಲಿ ದಪ್ಪ ತಂತಿ ಉದ್ದ, ತೆಳು ತಂತಿ ಗಿಡ್ಡ. ಅದಕ್ಕೇ ಪಟ್ಟಿಗಳು ಓರೆಯಂತೆ, ಓರೆ ಇರುವುದರಿಂದ ಮಣಿಕಟ್ಟು ತಿರುಚಬೇಕಿಲ್ಲವಂತೆ, ಬೆರಳು ತಾನಾಗಿ ಜಾಗಕ್ಕೆ ಬೀಳುತ್ತದಂತೆ. ಮೊದಲೆಲ್ಲ ಇಂಥವು ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ, ಈಗ ಅಗ್ಗದ್ದು ಬಂದಿದೆ, ಸುಮ್ಮನೆ ನುಡಿಸಿ ನೋಡಿ ಬರೋಣ ಎಂದು ಒಂದು ಶನಿವಾರ ನನ್ನನ್ನೂ ಹೊರಡಿಸಿದರು. ತ್ರಿಪ್ಲಿಕೇನ್ ಹತ್ತಿರ ಒಂದು ಕಟ್ಟಡದ ಮೊದಲ ಮಹಡಿಯಲ್ಲಿತ್ತು ಅಂಗಡಿ. ಅಲ್ಲಿದ್ದವನು ನಮ್ಮದೇ ವಯಸ್ಸಿನ ಮೆತ್ತಗಿನ ಮನುಷ್ಯ. ನಮಗಿಬ್ಬರಿಗೂ ಸ್ಟೂಲ್ ಎಳೆದುಕೊಟ್ಟು, ಆಂಪ್ಲಿಫೈಯರಿನ ವಯರ್ ಸಿಕ್ಕಿಸಿ, ಗಿಟಾರನ್ನು ಇವರ ತೊಡೆಯ ಮೇಲಿಟ್ಟ.

ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದಾಗ ನಾನು ಕೂತ ಸ್ಟೂಲೂ ಗುಂಯ್ ಎಂದಿತು. “ಕೇಳ್ದ್ಯಾ!” ಎಂದು ಇವರ ಮುಖ ಇಷ್ಟಗಲವಾಯಿತು. ಸುಳ್ಳೇಕೆ ಹೇಳಲಿ, ನನಗೂ ಖುಷಿಯಾಯಿತು. ಆಮೇಲೆ ಮಕ್ಕಳಿಗೆ ಮೊದಲ ವಾರ ಹೇಳಿಕೊಡುವ ಪಾಠವನ್ನೇ ಎತ್ತಿಕೊಂಡರು. ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಕಿರುಬೆರಳು ಪಕ್ಕದ ತಂತಿಯ ಮೇಲೆ ಬಿತ್ತು. ಮತ್ತೆ ಶುರುಮಾಡಿದರು. ಮತ್ತೆ ಅಲ್ಲೇ ಬಿತ್ತು.

“ಪರವಾಯಿಲ್ಲೆ ಸಾರ್,” ಎಂದ ಅಂಗಡಿಯವನು ತಮಿಳಿನಲ್ಲಿ. ಮೇಲುಗಡೆ ಎರಡು ತಂತಿ ಹೆಚ್ಚಿಗೆ ಇವೆಯಲ್ಲ, ಆರು ತಂತಿಗೆ ಪಳಗಿದ ಕೈಗೆ ಜಾಗ ತಪ್ಪಿಹೋಗುತ್ತದೆ, ಮೊದಲ ದಿನ ಎಂಥವರಿಗೂ ಹೀಗೇ ಎಂದು ಸಮಾಧಾನ ಹೇಳಿದ.

ಆಗ ಇವರ ಮುಖಕ್ಕೆ ನೆಮ್ಮದಿ ಬಂತು. ತಪ್ಪು ನುಡಿಸಿದರೂ ಯಾರೂ ಏನೂ ಅನ್ನದಂಥ ಗಿಟಾರೊಂದು ಇವರಿಗೆ ಸಿಕ್ಕಿಬಿಟ್ಟಿತ್ತು. ಮಕ್ಕಳು ಕೇಳಿದರೆ ‘ಹೊಸದು, ಎಂಟು ತಂತಿ’ ಎನ್ನಬಹುದು. ನಾನು ಕೇಳಿದರೂ ಅದೇ. ಹಾಗೇ ವರ್ಷ ತಳ್ಳಬಹುದು, ಅಷ್ಟರಲ್ಲಿ ಆ ಕೈ ಏನಾಗುತ್ತದೋ!

“ಇದನ್ನೇ ತಗೊಳ್ಳೋಣ ಮಾ,” ಎಂದರು.

ಅಂಗಡಿಗಳಲ್ಲಿ ನಮ್ಮದೊಂದು ಪದ್ಧತಿ ಇದೆ. ಅಂಗಡಿಯವರ ಎದುರು ಜಗಳ ಬಂದರೆ ಕನ್ನಡದಲ್ಲಿ ಆಡುತ್ತೇವೆ, ಮುಖದ ತುಂಬ ನಗು ಇಟ್ಟುಕೊಂಡು. ಅತ್ತೆ ಕಲಿಸಿಕೊಟ್ಟದ್ದು. ಅವರು ಒಮ್ಮೆ ಬಟ್ಟೆ ಅಂಗಡಿಯಲ್ಲಿ ‘ಈ ಮುಖಕ್ಕೆ ಆ ಬಣ್ಣ ಬೇರೆ ಕೇಡು’ ಎಂದು ಮಾವನವರನ್ನು ನಗುನಗುತ್ತಾ ಬೈದಿದ್ದಕ್ಕೆ, ಎಂಥ ಅನ್ಯೋನ್ಯ ದಂಪತಿ ಎಂದುಕೊಂಡು ಅಂಗಡಿಯವರು ಜ್ಯೂಸ್ ತರಿಸಿಕೊಟ್ಟರಂತೆ. ನಾನೂ ಹಲ್ಲು ಕಾಣುವ ಹಾಗೆ ನಕ್ಕೆ.

“ನಿಮ್ ಕಿರುಬೆರಳಿಗೂ ಉಂಗುರದ ಬೆರಳಿಗೂ ಸ್ಪರ್ಶವೇ ಇಲ್ಲ. ಯಾವಾಗಿಂದ, ಹೇಳ್ರೀ.”

“ಸ್ವಲ್ಪ ಜೋಮು, ಅಷ್ಟೇ. ನೀನು ನಗ್ತಾ ಇರು,” ಎಂದರು ಇವರೂ ನಗುತ್ತಾ.

“ಜೋಮಾದ್ರೆ ಹೆಂಚಿನ ಮೇಲೆ ಬೆರಳು ಸುಡ್ತಾ ಇದ್ರೂ ಗೊತ್ತಾಗಲ್ವಾ? ಡಾಕ್ಟ್ರ ಹತ್ರ ಹೋಗೋಕೆ ಹೆದರ್ಕೊಂಡು ಗಿಟಾರ್ ಕೊಳ್ಳೋಕೆ ಬಂದಿದ್ದೀರಲ್ಲ, ಥೂ!”

“ನುಡಿಸ್ಬೇಡ ಅಂದ್ಬಿಟ್ರೆ?” ನಗು ಹಾಗೇ ಇತ್ತು, ದನಿ ಮಾತ್ರ ಇಳಿಯಿತು. “ಮತ್ತೆ ಹೋಗಿ ಆ ಕ್ಯಾಬ್ ಹತ್ಬೇಕಾ? ನನ್ನಿಂದ ಆಗಲ್ಲ ಮಾ. ನಿಜವಾಗ್ಲೂ ಆಗಲ್ಲ.”

“ಅದಕ್ಕೆ ಕೈ ಪೂರ್ತಿ ಹೋಗೋವರೆಗೂ ನಾನು ಬಾಯಿ ಮುಚ್ಕೊಂಡು ನೋಡ್ತಾ ಕೂತಿರ್ಬೇಕಾ? ನಂಗೆ ರಾತ್ರಿ ನಿದ್ದೆ ಬರಲ್ಲ ಕಣ್ರೀ, ಭಯ ಆಗುತ್ತೆ.”

ಅಂಗಡಿಯವನು ಬಗ್ಗಿ ಆಂಪ್ಲಿಫೈಯರ್ ಆಫ್ ಮಾಡಿದ. ಅಲ್ಲಿಯವರೆಗೂ ಅದು ಗುನುಗುತ್ತಿತ್ತು ಎಂಬುದೇ ನಮಗೆ ತಿಳಿದಿರಲಿಲ್ಲ.

“ಅಕ್ಕಾ, ನಾನು ಸ್ವಲ್ಪ ಹೊತ್ತು ಕೆಳಗೆ ಹೋಗಿರ್ತೀನಿ. ನೀವು ಮಾತಾಡ್ಕೊಳ್ಳಿ,” ಎಂದ. ಅಚ್ಚ ಕನ್ನಡ. ಬಾಗಿಲ ಬಳಿ ನಿಂತು, “ನಮ್ಮಮ್ಮ ಕೋಲಾರದೋರು,” ಎಂದು ತಾನೇ ತಪ್ಪು ಮಾಡಿದವನ ಹಾಗೆ ಸೇರಿಸಿ ಮೆಟ್ಟಿಲಿಳಿದ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಹಲ್ಲು ಇನ್ನೂ ಕಾಣುತ್ತಿತ್ತು, ಹೇಗೆ ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮೂರನೆಯವರ ಮುಂದೆ ಮಾನ ಕಳೆದೆ ಎಂದು ಇವರು ನನ್ನ ಮೇಲೆ ಎಗರಾಡುತ್ತಾರೆ ಎಂದು ಕಾದೆ. ಎಗರಾಡಿದ್ದರೆ ನಾನೂ ಎಗರಾಡಿ ಹಗುರಾಗುತ್ತಿದ್ದೆ. ಇವರು ನಗುವುದನ್ನು ನಿಲ್ಲಿಸಿದರು, ಅಷ್ಟೇ. ಇಷ್ಟು ದಿನ ಆ ಬೆರಳಿನ ವಿಷಯ ನಮ್ಮಿಬ್ಬರ ನಡುವಿನ ಹಟವಾಗಿತ್ತು. ಇನ್ನೊಬ್ಬರ ಕಿವಿಗೆ ಬಿದ್ದ ಮೇಲೆ ಕಾಯಿಲೆಯಾಗಿಬಿಟ್ಟಿತ್ತು.

ಗಿಟಾರನ್ನು ಗೋಡೆಗೆ ಒರಗಿಸಿ, ಎಡಗೈಯನ್ನು ತಂದು ನನ್ನ ಮಡಿಲಲ್ಲಿಟ್ಟರು.

“ಕಿರುಬೆರಳು ಚಿವುಟು, ನೋಡೋಣ. ನಾನು ಆ ಕಡೆ ತಿರುಗಿರ್ತೀನಿ. ಗೊತ್ತಾದ್ರೆ ಸುಮ್ನೆ ಮನೆಗೆ ಹೋಗೋಣ. ಗೊತ್ತಾಗ್ದೆ ಇದ್ರೆ ನೀನು ಹೇಳಿದ ಡಾಕ್ಟ್ರ ಹತ್ರ ಈಗ್ಲೇ ಬರ್ತೀನಿ.”

ಕಿಟಕಿಯ ಕಡೆ ತಿರುಗಿದರು. ಕೆಳಗೆ ಬಸ್ಸೊಂದು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ನಾನು ಹೇಳಿದ್ದೆಲ್ಲ ಸುಳ್ಳಾಗಲಿ, ಇವರು ಅಯ್ಯೋ ಎಂದು ಕೂಗಿ ನನ್ನನ್ನು ಬೈಯಲಿ, ದೇವರೇ, ಅಷ್ಟು ಮಾಡು ಎಂದು ಬೇಡಿಕೊಂಡು ಆ ಬೆರಳ ತುದಿಯನ್ನು ಎರಡು ಉಗುರುಗಳ ನಡುವೆ ಹಿಡಿದೆ. ಉಗುರಿನ ಗುರುತು ಮೂಡುವಷ್ಟು ಒತ್ತಿದೆ. ಇನ್ನೂ ಒತ್ತಿದೆ. ನನ್ನ ಕಣ್ಣಲ್ಲಿ ನೀರು ಬಂತು.

“ಯಾಕೆ ಸುಮ್ನೆ ಕೂತಿದ್ದೀಯ?” ಎಂದರು ಇವರು, ಕಿಟಕಿಯ ಕಡೆಯೇ ನೋಡುತ್ತಾ. “ಚಿವುಟು ಮಾ.”