ಅಡುಗೆಮನೆಯ ಸ್ವಿಚ್ಚು

ದುಮ್ಮವಾಡದಲ್ಲಿ ನಮ್ಮತ್ತೆ ಶಿವಗಂಗವ್ವನವರ ಅಡುಗೆಮನೆ ಅಂದರೆ ಊರಿಗೇ ಗೊತ್ತು. ಲಿಂಗಪೂಜೆಯಾಗದೆ ಒಲೆ ಹಚ್ಚುತ್ತಿರಲಿಲ್ಲ. ಅವರ ಅಪ್ಪಣೆಯಿಲ್ಲದೆ ಹೊಸ್ತಿಲು ದಾಟುವ ಹಾಗಿರಲಿಲ್ಲ; ಮಾವನವರೂ ಉಪ್ಪು ಬೇಕಾದರೆ ಹೊರಗೇ ನಿಂತು ಕೇಳಬೇಕು. ಬಾಯಿ ಅಂದರೆ ಅಂಥಿಂಥ ಬಾಯಲ್ಲ! ಮದುವೆಯಾಗಿ ಹೊಸದಾಗಿ ನಡೆಯಲು ಬಂದ ಸೊಸೆ ನಾನು; ಕೊಡ ಇಟ್ಟರೂ ತಪ್ಪು, ಎತ್ತಿದರೂ ತಪ್ಪು.

ಎಪ್ಪತ್ತಾರರ ಬೇಸಿಗೆಯಲ್ಲಿ ಆ ಅಡುಗೆಮನೆಯ ಸ್ವಿಚ್ಚು ಮುಟ್ಟಿ ನನಗೆ ಕರೆಂಟು ಹೊಡೆಯಿತು. ಅಂಗೈ ಸುಟ್ಟಿತು. ಕರೆಂಟಿನ ಕಚೇರಿಯವರು ಬಂದು ಲೈನು ಕಡಿದರು. ವೈರ್‌ಮನ್ ಇಡೀ ಮನೆ ದುರಸ್ತಿ ಮಾಡಿ, ಒಂದೊಂದು ಕೋಣೆಯನ್ನೂ ಪರೀಕ್ಷಿಸಿ ರಿಪೋರ್ಟು ಬರೆದುಕೊಟ್ಟರೆ ಮಾತ್ರ ಮತ್ತೆ ಕರೆಂಟು ಎಂದು ಹೇಳಿಹೋದರು.

ಬಂದವನು ಕನಕಪ್ಪ. ನಮ್ಮೂರ ಹರಿಜನಕೇರಿಯವನೇ, ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಲೈಸೆನ್ಸು ಪಡೆದಿದ್ದ. ಪಡಸಾಲೆ, ಕೋಣೆ, ದನದ ಕೊಟ್ಟಿಗೆ ಎಲ್ಲ ನೋಡಿದ. ಹಳೇ ವೈರು ಕಿತ್ತು ಹೊಸದು ಎಳೆದ. ಮಾಡಿದ್ದನ್ನು ಆಗಿಂದಾಗಲೇ ಬರೆದುಕೊಂಡ. ಅಡುಗೆಮನೆಯ ಸರದಿ ಬಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಒಳಗಿಂದು ನಮ್ಮವರ ನೋಡ್ಕೊಂತಾರ. ನೀ ಎಲ್ಲಾ ಸರಿ ಐತಿ ಅಂತ ಬರದು ಕೊಡು.”

“ನೋಡಲಾರದ ಹೆಂಗ ಬರೀಲಿರಿ ಎವ್ವಾ? ನಾಳೆ ಯಾರರ ಸತ್ರ?”

“ಹಂಗಾರ ನೋಡಿಲ್ಲಂತ ಬರಿ!”

“ಬರೀತೀನ್ರಿ. ಯಾಕ ನೋಡಲಿಲ್ಲ ಅಂತನೂ ಬರೀಬೇಕಾಗ್ತೈತಿ. ನೀವ ಹೇಳ್ರಿ, ಏನ್ ಬರೀಲಿ?”

ಅವನೇನೂ ಕುಹಕ ಆಡಲಿಲ್ಲ. ಪೆನ್ನು ಹಿಡಿದು ಕಾದ. ಹಿತ್ತಲಲ್ಲಿ ನಿಂತು ಸಲೀಸಾಗಿ ಆಡುತ್ತಿದ್ದ ಮಾತು, ಕಾಗದದ ಮೇಲೆ ಬರೆಸಬೇಕೆಂದಾಗ ಅತ್ತೆಯ ಬಾಯಿಂದ ಹೊರಡಲಿಲ್ಲ. ಮೋರೆ ಕೆಂಪಗಾಯಿತು. ನನಗೋ, ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟೂ ದಿನ ನುಂಗಿಕೊಂಡ ಸಿಟ್ಟು ಒಮ್ಮೆಲೇ ಬಂತು.

“ಅತ್ತೀ, ನನ್ನ ಕೈ ನೋಡ್ರಿ! ನಾಳೆ ನಿಮ್ಮ ಜೀವಕ್ಕ ಬಂದ್ರ? ಸರೀರಿ ಬಾಜುಕ!”

ಅತ್ತೆ ಬಾಗಿಲು ಬಿಟ್ಟು ಒಳಗೆ ನೀರಿನ ಕೊಡದ ಹತ್ತಿರ ಸರಿದರು.

ಆದರೆ ಕನಕಪ್ಪ ಒಳಗೆ ಕಾಲಿಡಲಿಲ್ಲ. ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೇ ನಿಂತು ಮೆಲ್ಲಗೆ ಅಂದ:

“ಎವ್ವಾ, ಮೊದಲ ನೀರಿನ ಕೊಡಾ ಹೊರಗ ಇಟ್ಟಬಿಡ್ರಿ. ಇಲ್ಲಂದ್ರ ನಾ ಹ್ವಾದಮ್ಯಾಲ ಚೆಲ್ಲಬೇಕಾಗ್ತೈತಿ. ಈ ಬಿಸಲಾಗ ಕೆರಿಯಿಂದ ಹೊತ್ತು ತಂದೀರಿ.”

ಅತ್ತೆಯ ಕೈ ಆಗಲೇ ಕೊಡದ ಕಂಠದ ಮೇಲಿತ್ತು. ಅದನ್ನು ಎತ್ತಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ ಅವರಿಗೆ. ನಾವಿಬ್ಬರೂ ಅವನ ಮುಖ ನೋಡಲಿಲ್ಲ.