ಬಾಡಿಗೆ ಕನ್ನಡಕ

ಭಾನುವಾರ ಬಂತೆಂದರೆ ಊರಿಗೆಲ್ಲ ರಜೆ, ಕಣ್ಣಕ್ಕನಿಗೆ ಮಾತ್ರ ಉಸಿರಾಡಲು ಪುರಸೊತ್ತಿಲ್ಲದಷ್ಟು ಕೆಲಸ. ಬೆಟ್ಟದ ರಸ್ತೆ ಶುರುವಾಗುವ ಜಾಗದಲ್ಲಿದ್ದ ಎರಡು ಕೋಣೆಯ ಕಣ್ಣಿನ ಚಿಕಿತ್ಸಾಲಯದಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಸಹಾಯಕಿ. ಡಾಕ್ಟರು ವಾರಕ್ಕೆ ಮೂರು ದಿನ ಬಂದು ಹೋಗುತ್ತಿದ್ದರು. ಭಾನುವಾರ ಅವರು ಬರುತ್ತಿರಲಿಲ್ಲ, ಬೈಕಿನವರು ಬರುತ್ತಿದ್ದರು.

ಮೂವತ್ತೊಂದು ತಿರುವುಗಳ ಆ ರಸ್ತೆಯೆಂದರೆ ಬೈಕಿನವರಿಗೆ ಹುಚ್ಚು. ದೂರದೂರದಿಂದ ಗುಂಪುಗುಂಪಾಗಿ ಬಂದು, ಗಾಳಿಗೆ ಮುಖವೊಡ್ಡಿ ಏರುತ್ತಿದ್ದರು. ಆ ವೇಗದಲ್ಲಿ ಒಂದು ಜೀರುಂಡೆಯೂ ಕಲ್ಲಿನ ಹಾಗೆ ಬಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ ಗಂಡಸರು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಕಣ್ಣಕ್ಕ ನೋವು ಕಾಣದ ಹಾಗೆ ಒಂದು ಹನಿ ಹಾಕಿ, ರೆಪ್ಪೆಯನ್ನು ಮಗುಚಿ, ಹತ್ತಿಕಡ್ಡಿಯ ತುದಿಯಿಂದ ರೆಕ್ಕೆಯ ಚೂರನ್ನೋ ಮರಳನ್ನೋ ಎತ್ತಿ ತೆಗೆಯುತ್ತಿದ್ದಳು. ಏನು ಸಿಕ್ಕಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಜಲ್ಲಿಯ ಚೂರು ಬಡಿದು ಒಂದು ಕಣ್ಣು ಪೂರ್ತಿ ಹೋದ ಮೂವರ ವಿವರ ಅದರಲ್ಲಿತ್ತು. ರಸ್ತೆ ಸುರಕ್ಷತೆಯ ಸಮಿತಿಯವರು ಊರಿಗೆ ಬಂದಾಗ ಅವಳು ಆ ನೋಟ್‌ಬುಕ್ಕನ್ನೇ ಅವರ ಮುಂದಿಟ್ಟಳು. ವರ್ಷದೊಳಗೆ ಕಾನೂನು ಬಂತು. ಈ ರಸ್ತೆಯಲ್ಲಿ ಬೈಕು ಓಡಿಸುವವರು ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಲೇಬೇಕು, ಇಲ್ಲದಿದ್ದರೆ ದಂಡ.

"ನಿನ್ನ ಕೆಲಸಕ್ಕೆ ನೀನೇ ಕೊಳ್ಳಿ ಇಟ್ಕೊಂಡೆಯಲ್ಲೇ," ಎಂದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ನಕ್ಕಿದ್ದ.

"ಹೋಗ್ಲಿ ಬಿಡಿ, ಭಾನುವಾರ ಒಂದಿಷ್ಟು ನಿದ್ದೆ ಮಾಡ್ತೀನಿ," ಎಂದಿದ್ದಳು ಅವಳು. ಆ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಬೆಟ್ಟದ ಬುಡದಲ್ಲಿ ದೊಡ್ಡ ಮರದ ಕೆಳಗೆ ಪೊಲೀಸರ ತಪಾಸಣೆ ಶುರುವಾಯಿತು. ಅವಳ ತಮ್ಮ ತಪಾಸಣೆಗೆ ಸ್ವಲ್ಪ ಈಚೆಗೆ ಕನ್ನಡಕದ ಅಂಗಡಿ ಇಟ್ಟ. ಹತ್ತಾರು ಕೆಲಸ ಹಿಡಿದು ಬಿಟ್ಟವನು ಕೊನೆಗೂ ಒಂದು ಒಳ್ಳೆಯ ದಾರಿಗೆ ಬಂದನೆಂದು ಅವಳಿಗೆ ಸಮಾಧಾನವಾಯಿತು. "ಒಡೆದು ಚೂರಾಗೋ ಗಾಜು ಮಾತ್ರ ಇಡಬೇಡ ಕಣೋ," ಎಂದು ಬುದ್ಧಿವಾದ ಹೇಳಿ ಕಳಿಸಿದ್ದಳು. ಭಾನುವಾರ ತನಗೇ ಬಿಡುವಿಲ್ಲದ್ದರಿಂದ ಅಂಗಡಿಯತ್ತ ಒಮ್ಮೆಯೂ ಹೋಗಿರಲಿಲ್ಲ.

ಆದರೆ ಎರಡು ತಿಂಗಳಾದರೂ ಬೆಂಚು ಖಾಲಿಯಾಗಲಿಲ್ಲ. ಅದೇ ರೆಕ್ಕೆ, ಅದೇ ಮರಳು. ಮೂರನೆಯ ತಿಂಗಳಿಗೆ ಬೇರೆಯೇ ಒಂದು ಕಾಟ ಅಂಟಿಕೊಂಡಿತು. ಕಣ್ಣು ಕೆಂಡದಂತಾಗಿ, ರೆಪ್ಪೆಗಳು ಬೆಳಗ್ಗೆ ಬಿಡಿಸಲಾರದಷ್ಟು ಅಂಟಿಕೊಂಡು, ಗೀಜು ಕೆನ್ನೆಗಿಳಿಯುತ್ತಿದ್ದವರು ಬರತೊಡಗಿದರು. ಮೊದಲು ಬೈಕಿನವರು, ಆಮೇಲೆ ಪೆಟ್ರೋಲ್ ಬಂಕಿನವನು, ಆಮೇಲೆ ಒಂದು ಇಡೀ ತರಗತಿಯ ಮಕ್ಕಳು. ಕಣ್ಣಕ್ಕ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಎಲ್ಲಿ ಹೋಗಿದ್ದಿರಿ, ಯಾರ ಟವೆಲ್ ಮುಟ್ಟಿದಿರಿ ಎಂದು ಕೇಳಿ ಕೇಳಿ ಸುಸ್ತಾದಳು.

ಕೊನೆಗೆ ಬೈಕು ಓಡಿಸುವ ಒಬ್ಬ ಶಾಲಾ ಟೀಚರಮ್ಮ ಬಾಯಿಬಿಟ್ಟಳು. "ಟವೆಲ್ ಎಲ್ಲ ಏನೂ ಇಲ್ಲ ಸಿಸ್ಟರ್. ಬಾಡಿಗೆ ಕನ್ನಡಕ ಹಾಕ್ಕೊಂಡಿದ್ದೆ ಅಷ್ಟೆ."

"ಬಾಡಿಗೆ ಕನ್ನಡಕಾನಾ? ಹಾಗಂದ್ರೆ?"

"ಅಲ್ಲೇ, ಪೊಲೀಸರು ನಿಲ್ಲೋ ಜಾಗಕ್ಕಿಂತ ಸ್ವಲ್ಪ ಮುಂಚೆ ಕೊಡ್ತಾರಲ್ಲ. ದಾಟಿದ ಮೇಲೆ ವಾಪಸ್ ತಗೋತಾರೆ."

ಮುಂದಿನ ಭಾನುವಾರ ಕಣ್ಣಕ್ಕ ಬಾಗಿಲಿಗೆ 'ಒಂದು ಗಂಟೆಯಲ್ಲಿ ಬರುತ್ತೇನೆ' ಎಂಬ ಚೀಟಿ ಅಂಟಿಸಿ, ಬಿರಬಿರನೆ ನಡೆದಳು.

ತಮ್ಮನ ಅಂಗಡಿಯೆಂದರೆ ಒಂದು ಮೇಜು, ಮೇಜಿನ ಮೇಲೊಂದು ಪ್ಲಾಸ್ಟಿಕ್ ಬುಟ್ಟಿ. ಬುಟ್ಟಿಯ ತುಂಬ ಕನ್ನಡಕಗಳು ಒಂದರ ಕಾಲಿಗೊಂದು ಸಿಕ್ಕಿಹಾಕಿಕೊಂಡು ಬಿದ್ದಿದ್ದವು. ಅವುಗಳ ಅಂಚಿನ ರಬ್ಬರಿನಲ್ಲಿ ಯಾರ್ಯಾರದೋ ಬೆವರು ಕಟ್ಟಿ ಕಪ್ಪಾಗಿತ್ತು. ಒಬ್ಬ ಬೈಕಿನವನು ಬಂದು ನಿಂತ. ತಮ್ಮ ಒಂದನ್ನು ಎಳೆದು, ಬಾಯಿಂದ 'ಹಾ' ಎಂದು ಗಾಜಿನ ಮೇಲೆ ಉಸಿರು ಬಿಟ್ಟ. ಕಲೆ ಹೋಗದಿದ್ದಾಗ ಚೂರು ಉಗುಳು ಹಚ್ಚಿ, ಭುಜದ ಮೇಲಿದ್ದ ಬಟ್ಟೆಯಿಂದ ತಿಕ್ಕಿ ಕೊಟ್ಟ. ಅದೇ ಬಟ್ಟೆಯಿಂದ ತನ್ನ ಕುತ್ತಿಗೆಯನ್ನೂ ಒರೆಸಿಕೊಂಡ. ದಿನಾ ಕೀವು ಒರೆಸುವ ಹೆಂಗಸು ಕಣ್ಣಕ್ಕ, ಅಂಥವಳೇ ಮುಖ ತಿರುಗಿಸಿದಳು.

ಮೊದಲು ಪೂರ್ತಿ ನೋಡಿಬಿಡೋಣವೆಂದು ಅವಳು ತಪಾಸಣೆ ದಾಟಿ ಮುಂದಕ್ಕೆ ಹೋದಳು. ಮೊದಲ ತಿರುವಿನ ಆಚೆಗೆ ತಮ್ಮನ ಹೆಂಡತಿ ಗೋಣಿಚೀಲ ಹಿಡಿದು ಕೂತಿದ್ದಳು. ಬೈಕಿನವರು ವೇಗ ತಗ್ಗಿಸಿ, ಕನ್ನಡಕ ಕಿತ್ತು ಚೀಲಕ್ಕೆಸೆದು, ಬರಿಗಣ್ಣಲ್ಲಿ ಭರ್ರನೆ ಬೆಟ್ಟ ಏರುತ್ತಿದ್ದರು. ತುಂಬಿದ ಚೀಲ ಸ್ಕೂಟರಿನಲ್ಲಿ ಮತ್ತೆ ಬುಟ್ಟಿಗೆ ಹೋಗುತ್ತಿತ್ತು. ಕನ್ನಡಕಗಳು ಕಣ್ಣಿನ ಮೇಲಿರುತ್ತಿದ್ದದ್ದು ಮುನ್ನೂರು ಹೆಜ್ಜೆ. ಬೆಳಗ್ಗೆಯಿಂದ ಸಂಜೆಯವರೆಗೆ ಒಂದೊಂದಕ್ಕೂ ಎಷ್ಟು ಮುಖಗಳೋ!

"ಏನೋ ಇದು ಹೇಸಿಗೆ?" ಎಂದು ವಾಪಸ್ ಬಂದವಳೇ ತಮ್ಮನ ಮೇಲೆ ಹರಿಹಾಯ್ದಳು.

"ಯಾಕಕ್ಕ, ಹೋಟೆಲ್ ಲೋಟದಲ್ಲಿ ನೀನು ನೀರು ಕುಡಿಯಲ್ವಾ?"

"ಅದನ್ನ ತೊಳೀತಾರೆ ಕಣೋ!"

"ಇದನ್ನೂ ತೊಳೀತೀವಿ. ಸಂಜೆ ಬಕೆಟ್ಟಿಗೆ ಹಾಕಿದ್ರೆ ಅಮ್ಮ ಒಂದೂ ಬಿಡದೆ ತಿಕ್ಕಿ ಇಡ್ತಾಳೆ."

ಅಮ್ಮ ತಮ್ಮನ ಮನೆಯಲ್ಲಿದ್ದಳು. ಹೋದ ವರ್ಷವಷ್ಟೇ ಅವಳ ಎಡಗಣ್ಣಿನ ಪೊರೆ ತೆಗೆಸಿ, ಎರಡು ತಿಂಗಳು ಹೊತ್ತುಹೊತ್ತಿಗೆ ಹನಿ ಹಾಕಿ ಕಾಪಾಡಿದವಳು ಕಣ್ಣಕ್ಕನೇ. ಚಿಕಿತ್ಸಾಲಯವನ್ನು ಮರೆತು ತಮ್ಮನ ಮನೆಗೆ ಓಡಿದಳು.

ಅಮ್ಮ ಹಿತ್ತಿಲಲ್ಲಿ ಮಣೆಯ ಮೇಲೆ ಕೂತಿದ್ದಳು. ಮುಂದೆ ಬಕೆಟ್ಟು, ಬಕೆಟ್ಟಿನಲ್ಲಿ ಹಿಂದಿನ ದಿನದ ಕನ್ನಡಕಗಳು, ನೀರಿನ ಮೇಲೆ ತೆಳ್ಳಗೆ ಜಿಡ್ಡು. ಮಗಳನ್ನು ಕಂಡು ಒದ್ದೆ ಕೈಯಿಂದಲೇ ಮುಖ ಒರೆಸಿಕೊಂಡು ತಲೆಯೆತ್ತಿದಳು. ಎಡಗಣ್ಣು ಊದಿ ಕೆಂಪಗಾಗಿತ್ತು.

"ಎಷ್ಟು ದಿನ ಆಯ್ತಮ್ಮ?"

"ಕಣ್ಣು ಬಂದಿದೆ ಕಣೆ, ನಾಲ್ಕು ದಿನ ಇದ್ದು ಹೋಗುತ್ತೆ. ನಿನಗೆ ಹೇಳಿದ್ರೆ ಕೂಗಾಡ್ತೀಯ ಅಂತ ಸುಮ್ಮನಿದ್ದೆ."

"ಬಂದಿರೋದು ಹೋಗ್ಲಿ, ಇರೋ ಕಣ್ಣನ್ನೂ ಕರ್ಕೊಂಡು ಹೋದ್ರೆ ಏನಮ್ಮ ಮಾಡ್ತೀಯ?" ಎಂದು ಕಣ್ಣಕ್ಕ ನಿಜವಾಗಿಯೂ ಕೂಗಾಡಿದಳು. ಆಮೇಲೆ ಅಮ್ಮನ ಕೈಗಳನ್ನು ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದಳು.

ಸೋಮವಾರ ಡಾಕ್ಟರು ದೀಪ ಬಿಟ್ಟು ನೋಡಿ, ಕಪ್ಪುಗುಡ್ಡೆಯ ಮೇಲೆ ಮಂಜಿನಂಥ ಚುಕ್ಕೆಗಳೆದ್ದಿವೆ, ಕರಗಲು ತಿಂಗಳುಗಟ್ಟಲೆ ಹಿಡಿಯಬಹುದು ಎಂದರು. ಕಣ್ಣಕ್ಕ ಸೀದಾ ಪೊಲೀಸ್ ಠಾಣೆಗೆ ಹೋದಳು.

ಇನ್‌ಸ್ಪೆಕ್ಟರ್ ಅವಳನ್ನು ಮರ್ಯಾದೆಯಿಂದಲೇ ಕೂರಿಸಿದರು. ಗೋಡೆಯ ಮೇಲಿದ್ದ ಪಟ್ಟಿಯನ್ನು ತೋರಿಸಿದರು. "ನೂರಕ್ಕೆ ನೂರು ಮಂದಿ ಕನ್ನಡಕ ಹಾಕ್ತಿದ್ದಾರೆ ಸಿಸ್ಟರ್. ಇಡೀ ವಿಭಾಗದಲ್ಲಿ ನಾವೇ ಮೊದಲು. ಇದರಲ್ಲಿ ನಿಮ್ಮ ಪಾಲೂ ಇದೆ."

"ಸಾರ್, ಅದು ಬಾಡಿಗೆ ಕನ್ನಡಕ. ತಿರುವು ದಾಟಿದ ಮೇಲೆ ಒಬ್ಬರ ಕಣ್ಣ ಮೇಲೂ ಇರಲ್ಲ."

"ಸ್ವಂತದ್ದೇ ಇರಬೇಕು ಅಂತ ಕಾನೂನಲ್ಲಿ ಬರೆದಿಲ್ವಲ್ಲ."

"ಹಾಗಾದ್ರೆ ತಪಾಸಣೆ ಮೇಲಿನ ತಿರುವಿಗೆ ಹಾಕಿಸಿ. ಆಗ ಗೊತ್ತಾಗುತ್ತೆ."

ಇನ್‌ಸ್ಪೆಕ್ಟರ್ ಮುಖ ಸಿಂಡರಿಸಿದರು. "ಮೇಲೆ ನೆರಳಿಲ್ಲ ಸಿಸ್ಟರ್. ನಮ್ಮ ಹುಡುಗರು ಬಿಸಿಲಲ್ಲಿ ಒಣಗಬೇಕಾ?"

ಕಣ್ಣಕ್ಕ ಎದ್ದಳು. ಹೊರಬಂದು ಠಾಣೆಯ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಅಲ್ಲಿ ಅವಳು ಏನನ್ನೂ ಮುಟ್ಟಿರಲಿಲ್ಲ. ಆದರೂ ತೊಳೆದುಕೊಳ್ಳಬೇಕೆನಿಸಿತು.

ಮರುವಾರ ಬಿಳಿ ಕೋಟು ತೊಟ್ಟು, ಒಂದು ಕಟ್ಟು ಬಿಳಿ ಬ್ಯಾಂಡೇಜ್ ಬಟ್ಟೆ ಹಿಡಿದು, ತಮ್ಮನ ಮೇಜಿನ ಪಕ್ಕದಲ್ಲೇ ನಿಂತಳು. ಬೈಕಿನವನು ಕೈ ಚಾಚುವ ಮೊದಲೇ ಕನ್ನಡಕ ಕಿತ್ತುಕೊಂಡು, ಒಳಗಿನ ಅಂಚನ್ನು ಒಮ್ಮೆ ಒರೆಸಿ, ಬಟ್ಟೆಯನ್ನು ಅವನ ಮೂಗಿನೆದುರು ಬಿಡಿಸಿ ಹಿಡಿದಳು. ಹಳದಿ ಜಿಡ್ಡು, ಅದರೊಳಗೆ ಅಂಟಿದ ಯಾರದೋ ರೆಪ್ಪೆಗೂದಲು.

"ಥೂ!" ಎಂದು ಮೊದಲನೆಯವನು ಬೈಕು ತಿರುಗಿಸಿದ. ಎರಡನೆಯವನು ವಾಂತಿ ಬಂದವನಂತೆ ಬಾಯಿ ಮುಚ್ಚಿಕೊಂಡ. ಮೂರನೆಯವನು ಮಾತ್ರ ಬಟ್ಟೆಯನ್ನು ಚೆನ್ನಾಗಿ ನೋಡಿ, "ಐದು ನಿಮಿಷ ತಾನೆ, ಕೊಡಿ ಪರವಾಗಿಲ್ಲ," ಎಂದು ಅದನ್ನೇ ಏರಿಸಿಕೊಂಡು ಹೊರಟ. ಅವನ ಹಿಂದೆ ಬಂದ ಮೂರ್ನಾಲ್ಕು ಮಂದಿಯೂ ಹಾಗೆಯೇ ಮಾಡಿದರು. ಕಣ್ಣಿಗೆ ಕಾಣಿಸಿದರೆ ಸಾಕು, ಜನ ತಾವಾಗಿ ತಿದ್ದಿಕೊಳ್ಳುತ್ತಾರೆಂದು ಅವಳು ನಂಬಿ ಬಂದಿದ್ದಳು. ಜಿಡ್ಡಿಗಿಂತ ಹೆಚ್ಚಾಗಿ ಆ 'ಪರವಾಗಿಲ್ಲ' ಅವಳಿಗೆ ವಾಕರಿಕೆ ತರಿಸಿತು.

"ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲಕ್ಕ!" ತಮ್ಮ ಅಳುದನಿಯಲ್ಲಿ ಚೀರಿದ. ಅಷ್ಟರಲ್ಲಿ ಕನ್ನಡಕವಿಲ್ಲದವರೆಲ್ಲ ತಪಾಸಣೆಯಲ್ಲಿ ಸಿಕ್ಕಿಬಿದ್ದು ಗಲಾಟೆ ಎದ್ದಿತ್ತು. ಹಿರಿಯ ಪೇದೆ ದಾಪುಗಾಲು ಹಾಕುತ್ತ ಬಂದ. ಬುಟ್ಟಿಯಿಂದ ಪುಕ್ಕಟೆ ಎತ್ತಿಕೊಂಡ ಕಪ್ಪು ಕನ್ನಡಕವೊಂದು ಅವನ ಮೂಗಿನ ಮೇಲೂ ಇತ್ತು.

"ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡ್ತಿದ್ದೀರಿ ಅಂತ ಕೇಸ್ ಹಾಕ್ಬೇಕಾಗುತ್ತೆ!"

"ಧಾರಾಳವಾಗಿ ಹಾಕಿ. ಮೊದಲು ಅದನ್ನ ಇಲ್ಲಿ ಕೊಡಿ."

ಅವನು ಏಕೆಂದು ತಿಳಿಯದೆ ತೆಗೆದು ಕೊಟ್ಟ. ಅವಳು ಒರೆಸಿ ತೋರಿಸಿದಳು. ಪೇದೆ ಬಟ್ಟೆಯನ್ನು ನೋಡಿದ, ಕೈ ತಾನಾಗಿ ಕಣ್ಣಿನತ್ತ ಹೋಯಿತು.

"ಉಜ್ಜಬೇಡಿ," ಎಂದಳು ಕಣ್ಣಕ್ಕ. ಆಮೇಲೆ ತಮ್ಮನ ಕಡೆ ತಿರುಗಿದಳು. "ಅಮ್ಮನಿಗೆ ಎಡಗಣ್ಣಲ್ಲಿ ನನ್ನ ಮುಖ ಗುರುತು ಸಿಗ್ತಿಲ್ಲ ಕಣೋ. ನಿನ್ನದೂ ಸಿಗಲ್ಲ. ಹೋಗಿ ಕೇಳು."

ತಮ್ಮ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡ. ಆ ದಿನ ಅಂಗಡಿಯನ್ನೇನೂ ಎತ್ತಲಿಲ್ಲ. ಹತ್ತು ದಿನದ ಮೇಲೆ ಅವನ ಹೆಂಡತಿಗೂ ಕಣ್ಣು ಬಂದು, ಚೀಲ ಹಿಡಿಯುವವರು ಇಲ್ಲದಂತಾದಾಗ ಬುಟ್ಟಿಯನ್ನು ಕಸದ ಲಾರಿಗೆ ಹಾಕಿದ. ಒಂದು ತಿಂಗಳೊಳಗೆ ಅದೇ ಜಾಗದಲ್ಲಿ ಬೇರೊಬ್ಬ ಬುಟ್ಟಿ ಇಟ್ಟ. 'ತೊಳೆದ ಕನ್ನಡಕ' ಎಂದು ಹಲಗೆ ಬರೆಸಿದ್ದ. ಇನ್‌ಸ್ಪೆಕ್ಟರಿಗೆ ಪ್ರಶಂಸಾಪತ್ರ ಸಿಕ್ಕಿತು. ಸಮಾರಂಭದಲ್ಲಿ ಕಣ್ಣಕ್ಕನಿಗೂ ಒಂದು ಇದೆಯೆಂದು ಪೇದೆಯೇ ಬಂದು ಕರೆದ. ಅವಳು ಅವನ ಕಣ್ಣಿಗೆ ಹನಿ ಹಾಕಿ, "ನನಗೆ ಪುರಸೊತ್ತಿಲ್ಲ," ಎಂದು ಕಳಿಸಿದಳು. ಸಮಿತಿಗೆ ಮತ್ತೆರಡು ಕಾಗದ ಬರೆದಳು. ಉತ್ತರ ಬರಲಿಲ್ಲ. ತಪಾಸಣೆ ಮರದ ನೆರಳಲ್ಲೇ ಉಳಿಯಿತು.

ತಮ್ಮ ಅವಳೊಡನೆ ಮಾತು ಬಿಟ್ಟ. ಆದರೆ ಪ್ರತಿ ಸೋಮವಾರ ಅಮ್ಮನನ್ನು ಕೈಹಿಡಿದು ಚಿಕಿತ್ಸಾಲಯದ ಮೆಟ್ಟಿಲವರೆಗೆ ತಂದು ಬಿಡುತ್ತಿದ್ದ.

"ಅವನು ಇದ್ದಾನೇನೆ?" ಎಂದು ಒಂದು ಸೋಮವಾರ, ಹನಿ ಹಾಕಿಸಿಕೊಳ್ಳಲು ತಲೆ ಹಿಂದಕ್ಕೊರಗಿಸಿ ಅಮ್ಮ ಕೇಳಿದಳು.

"ಹೊರಗೆ ನಿಂತಿದ್ದಾನೆ."

"ಬಿಸಿಲಿದೆ ಕಣೆ. ಒಳಗೆ ಕರಿ."

ಕಣ್ಣಕ್ಕ ಕಿಟಕಿಯಿಂದ ನೋಡಿದಳು. ತಮ್ಮ ಗೋಡೆಗೊರಗಿ ಒಂದು ಕಣ್ಣನ್ನು ಬೆರಳ ಗಿಣ್ಣಿನಿಂದ ಉಜ್ಜಿಕೊಳ್ಳುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯಿತು. ಸೀಸೆಯನ್ನು ಮುಚ್ಚಿ, ಬಾಗಿಲಿಗೆ ಬಂದು, "ಕೈ ತೆಗಿ! ಬಾ ಒಳಗೆ," ಎಂದು ಗದರಿದಳು. ಅವನು ತಲೆ ತಗ್ಗಿಸಿಕೊಂಡು ಒಳಗೆ ಬಂದು, ಬೆಂಚಿನ ತುದಿಯಲ್ಲಿ ಕೂತ.